9 ಮಿ.ಮೀ. ನ್ಯಾರೋ ಗೇಜ್ ಮಾದರಿಯ ಎಲ್ಲ ಗಾಡಿಗೂ ಕೇಡೀ ನಂ. 5 ಕಪ್ಲರ್ ಹಾಕಬಹುದೇ?

ಪುಣೆಯ ಮನೆಯಲ್ಲಿ ಕಪಾಟಿನ ಮೇಲೆ ಮುಂಬೈ ಬಳಿಯ ನೇರಳ್–ಮಾಥೇರಾನ್ ಬೆಟ್ಟದ ರೈಲಿನ ಮಾದರಿ ಕಟ್ಟುತ್ತಿದ್ದೀರಿ. ಕೊಕ್ಕೆ-ಕುಣಿಕೆಯ ಕಪ್ಲರ್ (ಗಾಡಿಗಳನ್ನು ಒಂದಕ್ಕೊಂದು ಸೇರಿಸುವ ಸಾಧನ) ಇರುವ ಓಓ9 (1:76 ಸ್ಕೇಲ್, 9 ಮಿ.ಮೀ. ಹಳಿ) ಎಂಜಿನ್ ಒಂದು, ಇನ್ನೂ ಚಿಕ್ಕದಾದ ಎನ್ ಸ್ಕೇಲಿನ ಚಾಸಿಯ ಮೇಲೆ ಕಟ್ಟಿದ, ರಾಪಿಡೋ (ಎನ್ ಸ್ಕೇಲಿನ ಹಳೆಯ ಮಾಮೂಲಿ ಕೊಕ್ಕೆ) ಕಪ್ಲರ್‌ನ ಪ್ಯಾಸೆಂಜರ್ ಡಬ್ಬಿ ಎರಡು, ಕಪ್ಲರ್ ಇಲ್ಲದ ಎಚ್‌ಓಎನ್30 (1:87 ಸ್ಕೇಲ್, 9 ಮಿ.ಮೀ. ಹಳಿ) ಕಿಟ್ ವ್ಯಾಗನ್ ಆರು. ಎಲ್ಲಕ್ಕೂ ಕೇಡೀ ಎಂಬ ಅಮೆರಿಕನ್ ಕಂಪನಿಯ ನಂ. 5 ಕಪ್ಲರ್ ಹಾಕಿದರೆ ಮುಗಿಯಿತಲ್ಲ ಎಂದು ಕೇಳಿದ್ದೀರಿ.

ಮುಗಿಯುವುದಿಲ್ಲ. ನಂ. 5 ಒಳ್ಳೆಯ ಕಪ್ಲರ್. ಹೆಸರು ಕೇಡೀ ಆದರೂ ಕೆಲಸದಲ್ಲಿ ಕೇಡಿಲ್ಲ. ಆದರೆ ಅದು ಎಚ್‌ಓ (1:87) ಸ್ಕೇಲಿನ ದೊಡ್ಡ ಗೇಜಿನ ಗಾಡಿಗೆ ಮಾಡಿದ್ದು. ಹಳಿಯ ಮೇಲ್ಮೈಯಿಂದ ಅದರ ನಡುಮಧ್ಯಕ್ಕೆ 25/64 ಇಂಚು, ಅಂದರೆ 9.9 ಮಿ.ಮೀ. ಇರಬೇಕು. ನ್ಯಾರೋ ಗೇಜ್ ಗಾಡಿಗಳೇ ತಗ್ಗು. ಉದಾಹರಣೆಗೆ ಕೊಲರಾಡೋದ 3 ಅಡಿ ಗೇಜಿನಲ್ಲಿ ನಿಜವಾದ ಕಪ್ಲರ್ ಎತ್ತರ 26 ಇಂಚು. 1:87ರಲ್ಲಿ ಅದು 7.6 ಮಿ.ಮೀ. ನಿಮ್ಮ ಕಿಟ್ ವ್ಯಾಗನ್ನಿಗೆ ನಂ. 5 ಕೂರಿಸಬೇಕಾದರೆ ನೆಲಹಲಗೆಯನ್ನೇ ಕೊರೆಯಬೇಕು. ಕೊರೆದು ಕೂರಿಸಿದರೂ ಆಡಿನ ಮೈಗೆ ಎಮ್ಮೆ ತಲೆ ಅಂಟಿಸಿದ ಹಾಗೆ ಕಾಣುತ್ತದೆ.

ನಂ. 5 "ನ್ಯಾರೋ ಗೇಜಿಗೆ ಆಗುತ್ತದೆ" ಎಂಬ ಮಾತು ಬಂದಿರುವುದು ಓಎನ್30ಯಿಂದ. ಅದು 1:48 ಸ್ಕೇಲ್, ಹಳಿ ಮಾತ್ರ ಎಚ್‌ಓದ 16.5 ಮಿ.ಮೀ. ಮಾದರಿ ರೈಲು ತಯಾರಕ ಬಾಕ್‌ಮನ್ ತನ್ನ ಓಎನ್30 ಗಾಡಿಗಳ ಕಪ್ಲರನ್ನು ಎಚ್‌ಓ ಎತ್ತರದಲ್ಲೇ ಇಟ್ಟಿರುವುದರಿಂದ ನಂ. 5 ಅಲ್ಲಿ ನೇರವಾಗಿ ಹೊಂದುತ್ತದೆ. ನಿಮ್ಮದು 9 ಮಿ.ಮೀ. ಹಳಿ, ಲೆಕ್ಕವೇ ಬೇರೆ.

ನಾನಾದರೆ ಎನ್ ಸ್ಕೇಲಿನ ನಕಲ್ ಕಪ್ಲರ್ (knuckle, ಅಂದರೆ ಮಡಚಿದ ಬೆರಳಿನಂಥ ತಲೆಯದು; ನಕಲಿ ಅಲ್ಲ), ಮೈಕ್ರೋ-ಟ್ರೇನ್ಸ್ ಕಂಪನಿಯ 1015, ಎಲ್ಲಕ್ಕೂ ಹಾಕುತ್ತೇನೆ. ಇದು ರಾಪಿಡೋಗೂ ಸೇರದು, ಕುಣಿಕೆಗೂ ಸೇರದು, ಹಾಗಾಗಿ ಅರ್ಧಂಬರ್ಧ ಬದಲಾವಣೆ ಬೇಡ. ಒಂದು ತುದಿಗೆ ಕುಣಿಕೆ, ಇನ್ನೊಂದಕ್ಕೆ ನಕಲ್ ಇರುವ ಮಧ್ಯಸ್ಥ ವ್ಯಾಗನ್ ಒಂದನ್ನು ಮಾಡಿ ಎಂಜಿನ್ ಮುಟ್ಟದೆ ನಡೆಸಬಹುದು ಅನಿಸುತ್ತದೆ. ಆದರೆ ಮಾಥೇರಾನ್ ತುದಿಯಲ್ಲಿ ಎಂಜಿನ್ ಸುತ್ತಿ ಬಂದು ಇನ್ನೊಂದು ಬದಿಗೆ ಸೇರಬೇಕು. ಆಗ ಆ ವ್ಯಾಗನ್ ತಪ್ಪು ಕೊನೆಯಲ್ಲಿ ಉಳಿಯುತ್ತದೆ. ಎಂಜಿನ್ನನ್ನೂ ಬದಲಿಸುವುದೇ ಸರಿ. ಅದರಲ್ಲಿ ಎನ್‌ಇಎಂ 355 ಕಿಸೆ (ಯುರೋಪಿನ ಮಾದರಿ ರೈಲು ಮಾನದಂಡದ, ಎನ್ ಗಾತ್ರದ ಕಪ್ಲರ್ ತೂರಿಸುವ ಗೂಡು) ಇದೆಯೇ ನೋಡಿ. ಇದ್ದರೆ ಕಿಸೆಗೆ ತೂರಿಸುವ ನಕಲ್ ತಲೆ ಸಾಕು. ಎಚ್‌ಓದ ಎನ್‌ಇಎಂ 362 ತಲೆ ತರಿಸಬೇಡಿ, ಅದು ದೊಡ್ಡದು, ಹೋಗುವುದಿಲ್ಲ. ಕಿಸೆಯ ಎತ್ತರ ನಿಮ್ಮ ವ್ಯಾಗನ್ನಿಗೆ ಸರಿಹೊಂದುತ್ತದೆ ಎಂದು ನಂಬದೆ ಮೊದಲು ಅಳೆಯಿರಿ.

ಎತ್ತರದ ಗೇಜ್ (ಹಳಿಯ ಮೇಲಿಟ್ಟು ಕಪ್ಲರ್ ಎತ್ತರ ನೋಡುವ ಅಳತೆಗೋಲು) ಕೊಂಡೇ ಕೆಲಸ ಶುರು ಮಾಡಿ. ಕಣ್ಣಂದಾಜು ಇಲ್ಲಿ ನಡೆಯದು, ಕಾರಣ ಮಾಥೇರಾನ್ ಏರು. ಅಲ್ಲಿ 20ಕ್ಕೆ 1ರ ಏರು ಇದೆ, ಅದನ್ನೇ ಮಾದರಿಯಲ್ಲೂ ಇಡುತ್ತೀರಿ. ಕಪ್ಲರ್ ತುದಿ ಬೋಗಿಯಿಂದ 20 ಮಿ.ಮೀ. ಮುಂದೆ ಚಾಚಿದ್ದರೆ (ಬೋಗಿ ಎಂದರೆ ಇಲ್ಲಿ ಡಬ್ಬಿಯಲ್ಲ, ಅದರಡಿಯ ಚಕ್ರಗಳ ಚೌಕಟ್ಟು), ಸಮತಟ್ಟಿನಿಂದ ಏರಿಗೆ ದಾಟುವ ಜಾಗದಲ್ಲಿ ಎರಡು ಕಪ್ಲರ್‌ಗಳ ನಡುವೆ 1 ಮಿ.ಮೀ. ವ್ಯತ್ಯಾಸ ತಾನಾಗಿಯೇ ಬರುತ್ತದೆ. ಅದರ ಮೇಲೆ ಜೋಡಣೆಯಲ್ಲೇ ಅರ್ಧ ಮಿ.ಮೀ. ತಪ್ಪಿದ್ದರೆ ಎನ್ ಗಾತ್ರದ ಪುಟ್ಟ ನಕಲ್ ಜಾರಿ ಕಳಚಿಕೊಳ್ಳುತ್ತದೆ, ಬಾಲದ ವ್ಯಾಗನ್‌ಗಳು ನೇರಳಿಗೆ ತಾವೇ ವಾಪಸ್. ಹಾಗಾಗಿ ಏರನ್ನು ಒಮ್ಮೆಲೇ ಆರಂಭಿಸದೆ 60ಕ್ಕೆ 1, 40ಕ್ಕೆ 1, 30ಕ್ಕೆ 1 ಎಂದು ಒಂದೊಂದು ವ್ಯಾಗನ್ ಉದ್ದ ಮೆಟ್ಟಿಲು ಮಾಡಿ ಏರಿಸಿ. ಕೊನೆಯಲ್ಲೂ ಹಾಗೇ ಇಳಿಸಿ.

ಕಪ್ಲರ್ ಕೂರುವ ಪುಟ್ಟ ಪೆಟ್ಟಿಗೆಯನ್ನು ಬೋಗಿಗಲ್ಲ, ನೆಲಹಲಗೆಗೆ ಬಿಗಿಯಿರಿ. ಬೋಗಿಗೆ ಕೂರಿಸಿದ್ದು ತಿರುವಿನಲ್ಲಿ ಚೆನ್ನಾಗಿ ತಿರುಗುತ್ತದೆ ನಿಜ, ಆದರೆ ಹಿಂದಕ್ಕೆ ತಳ್ಳುವಾಗ ಆ ಬಲ ಬೋಗಿಯನ್ನು ಓರೆ ಮಾಡಿ ಹಳಿ ತಪ್ಪಿಸುತ್ತದೆ. ಕಪ್ಲರ್ ಗೇಜಿಗಿಂತ ಮೇಲಿದ್ದರೆ ನೆಲಹಲಗೆಗೂ ಆ ಪೆಟ್ಟಿಗೆಗೂ ನಡುವೆ 0.5 ಮಿ.ಮೀ. ಸ್ಟೈರೀನ್ (ಪ್ಲಾಸ್ಟಿಕ್) ಹಾಳೆ ಸೇರಿಸುತ್ತ ಇಳಿಸಿ. ಕೆಳಗಿದ್ದರೆ ಬೋಗಿಯ ತಿರುಗುಮೊಳೆಗೆ ತೆಳು ಫೈಬರ್ ವಾಷರ್ ಹಾಕಿ ಮೈಯನ್ನೇ ಎತ್ತಿ, ಎರಡೂ ತುದಿಗೆ ಸಮನಾಗಿ. 1015ರ ಸ್ಕ್ರೂ 00-90 ಎಂಬ ಅಮೆರಿಕನ್ ಅಳತೆಯದು, ಸುಮಾರು 1.2 ಮಿ.ಮೀ. ದಪ್ಪ, ಕಳೆದುಹೋದರೆ ಎಂ1.2 ಸ್ಕ್ರೂ ಹಾಕಬಹುದು, ಆದರೆ ಅದರ ಎಳೆ ಬೇರೆ, 00-90ಕ್ಕೆ ಎಳೆ ಕೊರೆದ ರಂಧ್ರಕ್ಕೆ ತುರುಕಬೇಡಿ. ಹೊಸ ರಂಧ್ರಕ್ಕೆ 0.95 ಮಿ.ಮೀ. ಡ್ರಿಲ್ ಬೇಕು. ಪುಣೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗದಿದ್ದರೆ ಮುಂಬೈನ ನಾಗದೇವಿ ಸ್ಟ್ರೀಟ್ ಅಥವಾ ಕೈಗಡಿಯಾರದ ಬಿಡಿಭಾಗ ಮಾರುವವರ ಬಳಿ ಕೇಳಿ.

ಬಿಡಿಯಾಗಿ ಬರುವ ಕಪ್ಲರನ್ನು ಜೋಡಿಸುವಾಗ ಕೈಯೆರಡನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಳ್ಳಿ. ಸ್ಪ್ರಿಂಗ್ ಚಿಮ್ಮಿದರೆ ಚೀಲದಲ್ಲೇ ಉಳಿಯುತ್ತದೆ, ನೆಲಕ್ಕೆ ಬಿದ್ದದ್ದು ಮತ್ತೆ ಸಿಗುವುದಿಲ್ಲ. ಎಣ್ಣೆ ಒಂದು ಹನಿಯೂ ಬೇಡ: ಧೂಳು ಹಿಡಿದು ನಕಲ್ ಅಂಟಿಕೊಳ್ಳುತ್ತದೆ. ಒಣ ಗ್ರಾಫೈಟ್ ಪುಡಿ ಚಿಟಿಕೆ ಸಾಕು. ಟ್ರಿಪ್ ಪಿನ್ (ಕಪ್ಲರಿನಡಿ ಇಳಿಬಿದ್ದ ಬಾಗಿದ ಲೋಹದ ಕಡ್ಡಿ, ಆಯಸ್ಕಾಂತ ಇದನ್ನು ಎಳೆದೇ ಕಪ್ಲರ್ ಬಿಡಿಸುವುದು) ಪಾಯಿಂಟಿನ, ಅಂದರೆ ಹಳಿ ಕವಲೊಡೆಯುವ ಜಾಗದ, ಹಳಿಗೆ ತಾಗುತ್ತಿದೆಯೇ ಎಂದು ವ್ಯಾಗನ್ ತಳ್ಳಿ ನೋಡಿ. ತಾಗಿದರೆ ಇಕ್ಕಳದಿಂದ ಸ್ವಲ್ಪ ಮೇಲಕ್ಕೆ ಬಗ್ಗಿಸಿ.

ಈ ಕಪ್ಲರಿನ ಒಂದು ದೋಷ ಮೊದಲೇ ಹೇಳಿಬಿಡುತ್ತೇನೆ. ಒಳಗಿನ ಸ್ಪ್ರಿಂಗಿನಿಂದಾಗಿ ಹಗುರ ವ್ಯಾಗನ್‌ಗಳು ಚಲಿಸುವಾಗ ಹಿಂದೆ ಮುಂದೆ ತೂಗಾಡುತ್ತವೆ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಕೊನೆಯ ವ್ಯಾಗನ್ನಿನ ಒಂದು ಅಚ್ಚಿಗೆ ಸ್ಪಂಜಿನ ಸಣ್ಣ ತುಂಡು ಲಘುವಾಗಿ ತಾಗುವಂತೆ ಅಂಟಿಸಿದರೆ ಅದು ಬ್ರೇಕಿನಂತೆ ಎಳೆದು ಹಿಡಿದು ತೂಗಾಟ ನಿಲ್ಲಿಸುತ್ತದೆ.

ಕಪ್ಲರ್ ಬಿಡಿಸಲು ಹಳಿಯಡಿ ಆಯಸ್ಕಾಂತ ಇಡುವ ಆಸೆ ಇದ್ದರೆ ಮೊದಲು ಚಕ್ರದ ಅಚ್ಚುಗಳನ್ನು ಪರೀಕ್ಷಿಸಿ. ಉಕ್ಕಿನ ಅಚ್ಚಿನ ಹಗುರ ವ್ಯಾಗನ್ನನ್ನು ಆಯಸ್ಕಾಂತ ತಾನೇ ಎಳೆದು ನಿಲ್ಲಿಸಿಕೊಳ್ಳುತ್ತದೆ. ಅಂಥ ಕಡೆ ಚೂಪು ಮಾಡಿದ ಬಿದಿರು ಕಡ್ಡಿಯನ್ನು ಎರಡು ನಕಲ್ ನಡುವೆ ಮೇಲಿಂದ ಇಳಿಸಿ ತಿರುಗಿಸುವುದೇ ಒಳ್ಳೆಯದು. ಆಗ ಟ್ರಿಪ್ ಪಿನ್ನನ್ನೇ ಕತ್ತರಿಸಿಬಿಡಬಹುದು, ನೋಟವೂ ಸುಧಾರಿಸುತ್ತದೆ.

ಎಷ್ಟು ತರಿಸಬೇಕು? ಒಂಬತ್ತು ಗಾಡಿಗೆ ಹದಿನೆಂಟು. ಪ್ಯಾಸೆಂಜರ್ ಡಬ್ಬಿಗಳೆರಡೂ ಯಾವಾಗಲೂ ಜೊತೆಗೇ ಓಡುವುದಾದರೆ ಅವುಗಳ ನಡುವೆ 0.8 ಮಿ.ಮೀ. ಹಿತ್ತಾಳೆ ತಂತಿಯ ಸರಳು ಸಾಕು, ಹದಿನಾರಕ್ಕೆ ಇಳಿಯಿತು. ಎಂಜಿನ್ನಿಗೆ ಕಿಸೆ ಇದ್ದರೆ ಅದರ ಎರಡು ಬೇರೆಯಾಗಿ ಬರುತ್ತವೆ. ಏನೇ ಇರಲಿ, ಲೆಕ್ಕಕ್ಕಿಂತ ಒಂದು ಜೋಡಿ ಹೆಚ್ಚೇ ತರಿಸಿ.