ಡ್ರೀಖ್ ಅಂದ್ರೆ ಬರೀ ಮಳೆ ಅಲ್ಲ

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದು ಮೂರು ವಾರ ಆಯ್ತು, ಮನೆ ಓನರ್ ಅಜ್ಜಿ ದಿನಾ ಬೆಳಿಗ್ಗೆ ಕಿಟಕಿ ಹೊರಗೆ ನೋಡಿ ‘ಡ್ರೀಖ್’ ಅಂತಾರೆ, ಹಂಗಂದ್ರೇನು, ಈ ಚಳಿಗಾಲ ಕಳೆಯೋದು ಹೆಂಗೆ ಅಂತ ಕೇಳಿದೀರಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಮೊದಲನೇ ನವೆಂಬರಲ್ಲಿ ಲೀತ್ ವಾಕ್ ಬಸ್ ಸ್ಟಾಪಲ್ಲಿ ನಿಂತಿದ್ದೆ, ಮಳೆ ಬೀಳೋದು ಕಣ್ಣಿಗೇ ಕಾಣ್ತಿರ್ಲಿಲ್ಲ, ಆದ್ರೆ ಉಲ್ಲನ್ ಗ್ಲೌಸ್ ಮೇಲೆಲ್ಲ ಸಾಸಿವೆ ಕಾಳಿನಷ್ಟು ಹನಿ ಕೂತಿದ್ವು, ಪಕ್ಕದಲ್ಲಿದ್ದ ತಾತ ಆಕಾಶ ನೋಡಿ ಇದೇ ಮಾತು ಅಂದ್ರು. ಕೊನೇ ಖ ಗಂಟಲಿಂದ ಬರಬೇಕು, ಇಲ್ಲಿಯವರು ಕೆರೆಗೆ ಲಾಖ್ ಅಂತಾರಲ್ಲ ಹಂಗೆ.

ಈಗ ಅದನ್ನ ಮೋಡ ಮುಚ್ಕೊಂಡು, ಒದ್ದೆಯಾಗಿ, ಮಂಕಾಗಿರೋ ದಿನಕ್ಕೇ ಜಾಸ್ತಿ ಬಳಸ್ತಾರೆ. ಆದ್ರೆ ಬೇರು ನೋಡಿದ್ರೆ ಮಳೆಗೂ ಅದಕ್ಕೂ ಸಂಬಂಧವೇ ಇಲ್ಲ, ವೈಕಿಂಗರು ಆಡ್ತಿದ್ದ ಹಳೇ ನಾರ್ಸ್ ಭಾಷೆಯ ‘ದ್ರ್ಯೂಗರ್’ ಅನ್ನೋ ಪದದ ನಂಟು ಅದಕ್ಕೆ, ಅಂದ್ರೆ ಬಹಳ ಕಾಲ ಬಾಳುವಂಥದ್ದು. ಅದೇ ಇಲ್ಲಿಯ ಸ್ಕಾಟ್ಸ್ ಭಾಷೆಯಲ್ಲಿ ಮುಗಿಯದೆ ಎಳ್ಕೊಂಡು ಹೋಗೋದು, ಬೇಜಾರು ತರಿಸೋದು ಅಂತಾಯ್ತು, ಚರ್ಚಲ್ಲಿ ಪಾದ್ರಿ ಉದ್ದುದ್ದ ಪ್ರವಚನ ಕೊಟ್ರೆ ಅದೂ ಡ್ರೀಖೇ.

ಈ ಅರ್ಥ ಗೊತ್ತಾದ್ಮೇಲೇ ನಂಗೆ ಇಲ್ಲಿಯ ಚಳಿಗಾಲ ಅರ್ಥ ಆಗಿದ್ದು. ಎಡಿನ್‌ಬರೋ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಅಷ್ಟೆ, ಬೆಂಗಳೂರಿಗಿಂತ ಕಮ್ಮಿ, ನಮ್ಮ ಆಗುಂಬೆಯಲ್ಲಿ 7,000 ದಾಟುತ್ತೆ. ಜಾಸ್ತಿ ಸುರಿಯೋದಲ್ಲ ಇಲ್ಲಿ ಕಷ್ಟ, ಬಿಡದೇ ಇರೋದು. ಊರಲ್ಲಿ ‘ಜಡಿ ಹಿಡೀತು’ ಅಂತೀವಲ್ಲ, ಅದಕ್ಕೆ ಹತ್ರ, ಆದ್ರೆ ಜಡಿ ಮಳೆಗೆ ಹಂಚಿನ ಮೇಲೆ ಸದ್ದಾದ್ರೂ ಇರುತ್ತೆ, ಇದಕ್ಕೆ ಸದ್ದೇ ಇಲ್ಲ, ಮೊದಲ ವರ್ಷ ಆ ಮೌನಕ್ಕೇ ನಂಗೆ ಅಳು ಬರ್ತಿತ್ತು.

ಡಿಸೆಂಬರಲ್ಲಿ ಬೆಳಕು ಏಳು ಗಂಟೆ ಮಾತ್ರ, 8:40ರ ಹೊತ್ತಿಗೆ ಸೂರ್ಯ ಹುಟ್ಟಿ 3:40ಕ್ಕೆ ಮುಳುಗ್ತಾನೆ, ಅದಕ್ಕೆ ಮಧ್ಯಾಹ್ನ ಹೆಂಗಾದ್ರೂ ಮಾಡಿ ಅರ್ಧ ಗಂಟೆ ಹೊರಗೆ ನಡೀರಿ, ಮೋಡ ಇದ್ರೂ ಸರಿ. ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ ತಗೊಳ್ಳಿ, ನಮ್ಮಂಥ ಮೈಬಣ್ಣದವರು ವರ್ಷಪೂರ್ತಿ ತಗೋಬೇಕು ಅಂತ ಇಲ್ಲಿಯ ಆರೋಗ್ಯ ಇಲಾಖೆಯವರೇ ಹೇಳ್ತಾರೆ. ಕೊಡೆಗೆ ದುಡ್ಡು ಹಾಕ್ಬೇಡಿ, ಗಾಳಿಗೆ ಉಲ್ಟಾ ಆಗುತ್ತೆ, ಟೋಪಿ ಇರೋ ಒಳ್ಳೇ ಜಾಕೆಟ್ ತಗೊಳ್ಳಿ. ಹಳೇ ಕಟ್ಟಡ ಆದ್ರೆ ಅಡುಗೆಮನೆ ಸೂರಿಗೆ ಹಗ್ಗ ಎಳೆದು ಮೇಲೇರಿಸೋ ಮರದ ಗಳ ಇರುತ್ತೆ, ಪುಲ್ಲಿ ಅಂತಾರೆ, ಬಟ್ಟೆ ಅದ್ರ ಮೇಲೆ ಒಣಗ್ಸಿ, ನಮ್ಮಜ್ಜಿ ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಹಾಕ್ತಿದ್ರಲ್ಲ ಹಂಗೇ.

ನಾಳೆ ಆ ಅಜ್ಜಿ ಡ್ರೀಖ್ ಅಂದಾಗ ‘ಆಯ್, ಡ್ರೀಖ್’ (ಆಯ್ ಅಂದ್ರೆ ಹೌದು) ಅಂತ ನೀವೂ ಗಂಟಲಿಂದ ಹೇಳಿ ನೋಡಿ, ಖಂಡಿತ ಟೀ ಕುಡಿಯೋಕೆ ಕೂರಿಸ್ತಾರೆ.