ಕೆಲಸದ ದಿನದ ರಾತ್ರಿಯೂಟಕ್ಕೆ ಏರ್ ಫ್ರೈಯರ್ ಮೀನು

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆ ಸೇರುವಷ್ಟರಲ್ಲಿ ಏಳೂವರೆ ದಾಟಿರುತ್ತದೆ. ಕಾವಲಿಯ ಮುಂದೆ ನಿಲ್ಲುವ ಕೆಲಸ ತಪ್ಪಲಿ ಎಂದು ಏರ್ ಫ್ರೈಯರ್ ಕೊಂಡೆವು. ಆದರೆ ಬಂಗುಡೆ ರವಾ ಫ್ರೈ ಮಾಡಿದರೆ ರವೆ ಬಿಳಿಯಾಗಿಯೇ ಉಳಿಯುತ್ತದೆ, ಒಳಗಿನ ಮಾಂಸ ಒಣಗುತ್ತದೆ, ಚರ್ಮ ಬುಟ್ಟಿಗೆ ಕಚ್ಚಿಕೊಳ್ಳುತ್ತದೆ. ದಯವಿಟ್ಟು ಪರಿಹಾರ ತಿಳಿಸಿ.
– ಓದುಗರು, ಬೆಂಗಳೂರು

ಉತ್ತರ: ಈ ಯಂತ್ರದೊಳಗೆ ನಡೆಯುವುದು ಎಣ್ಣೆಯಲ್ಲಿ ಕರಿಯುವ ಕೆಲಸವಲ್ಲ. ಮೇಲ್ಭಾಗದ ಕಾಯಿಲ್ ಕಾಯಿಸಿದ ಗಾಳಿಯನ್ನು ಫ್ಯಾನ್ ರಭಸವಾಗಿ ಸುತ್ತಿಸುತ್ತದೆ, ಆ ಗಾಳಿ ಮೊದಲು ಮೀನಿನ ಮೇಲ್ಮೈಯ ನೀರನ್ನು ಹೀರಿ, ಆಮೇಲಷ್ಟೇ ಅದನ್ನು ಕೆಂಪಗೆ ಮಾಡುತ್ತದೆ. ಕಾವಲಿಯಲ್ಲಾದರೆ ರವೆಯ ಪ್ರತಿ ಕಾಳಿಗೂ ಸುತ್ತಲಿನ ಎಣ್ಣೆ ತಾನಾಗಿ ತಲುಪುತ್ತದೆ. ಇಲ್ಲಿ ನಾವು ಮೊದಲೇ ಸವರಿದಷ್ಟೇ ಎಣ್ಣೆ. ಒಣ ರವೆಯಲ್ಲಿ ಹೊರಳಿಸಿದ ಬಂಗುಡೆ ಎಷ್ಟು ಹೊತ್ತು ಇಟ್ಟರೂ ಬಣ್ಣಕ್ಕೆ ಬರುವುದಿಲ್ಲ. ಬಣ್ಣ ಬರಲಿ ಎಂದು ನೀವು ಇನ್ನೂ ಐದು ನಿಮಿಷ, ಇನ್ನೂ ಐದು ನಿಮಿಷ ಎಂದು ಕಾಯುತ್ತಿರುವಾಗ ಒಳಗಿನ ಮಾಂಸ ಒಣಗಿಹೋಗುತ್ತದೆ. ರವೆಗೆ ಬೇಕಾದ ಎಣ್ಣೆಯನ್ನು ಮೊದಲೇ ಕೊಟ್ಟರೆ ಈ ಎರಡು ತೊಂದರೆಗಳೂ ಒಟ್ಟಿಗೇ ನೀಗುತ್ತವೆ.

ಮೂರು ಚಮಚ ಚಿರೋಟಿ ರವೆಗೆ ಒಂದು ಚಮಚ ಅಕ್ಕಿಹಿಟ್ಟು ಸೇರಿಸಿ, ಎರಡು ಟೀ ಚಮಚ ಎಣ್ಣೆ ಹಾಕಿ, ಬೆರಳ ತುದಿಗಳಿಂದ ಚೆನ್ನಾಗಿ ತಿಕ್ಕಿ. ಮುಷ್ಟಿಯಲ್ಲಿ ಹಿಡಿದರೆ ಒಂದು ಕ್ಷಣ ಉಂಡೆಯಾಗಿ ನಿಂತು ಮತ್ತೆ ಉದುರುವಷ್ಟು ತೇವ ಅದಕ್ಕೆ ಬರಬೇಕು. ತೊಳೆದ ಬಂಗುಡೆಯನ್ನು ಬಟ್ಟೆಯಿಂದಲೋ ಟಿಶ್ಯೂ ಕಾಗದದಿಂದಲೋ ಒತ್ತಿ ಒರೆಸಿ, ಎರಡೂ ಬದಿಗೆ ಮೂರು ಗೀರು ಹಾಕಿ, ಗಟ್ಟಿ ಮಸಾಲೆಯನ್ನು (ಮಾಡುವ ಬಗೆ ಮುಂದಿದೆ) ಗೀರಿನೊಳಕ್ಕೂ ಹೊಟ್ಟೆಯೊಳಕ್ಕೂ ತುಂಬಿ, ಮೇಲೆ ಈ ರವೆಯನ್ನು ಅಂಗೈಯಿಂದ ಒತ್ತಿ ಕೂರಿಸಿ ಐದು ನಿಮಿಷ ಬಿಡಿ. ಸಡಿಲವಾಗಿ ಉಳಿದ ರವೆ ಫ್ಯಾನಿನ ಗಾಳಿಗೆ ಹಾರಿ ಕಾಯಿಲ್ ಮೇಲೆ ಸುಡುತ್ತದೆ; ಆದ್ದರಿಂದ ಒಮ್ಮೆ ಕೊಡವಿಯೇ ಒಳಗಿಡಿ.

ಬುಟ್ಟಿಗೆ ಎಣ್ಣೆ ಸವರಿ, 200 ಡಿಗ್ರಿಯಲ್ಲಿ ಮೂರ್ನಾಲ್ಕು ನಿಮಿಷ ಖಾಲಿ ಕಾಯಿಸಿದ ನಂತರ ಮೀನನ್ನು ಒಂದಕ್ಕೊಂದು ತಾಗದಂತೆ ಇಡಿ. ಮಧ್ಯಮ ಗಾತ್ರದ ಬಂಗುಡೆಗೆ 12ರಿಂದ 14 ನಿಮಿಷ ಸಾಕು. ಮೊದಲ ಎಂಟು ನಿಮಿಷ ಅದನ್ನು ಮುಟ್ಟಲೇಬೇಡಿ. ತಳದ ಪದರ ಗಟ್ಟಿಯಾದ ಮೇಲೆ ಮೀನು ತಾನಾಗಿ ಬಿಡಿಸಿಕೊಳ್ಳುತ್ತದೆ, ಅದಕ್ಕೆ ಮುಂಚೆ ಮಗುಚಲು ಹೋದರೆ ಚರ್ಮ ಬುಟ್ಟಿಯಲ್ಲೇ ಉಳಿಯುತ್ತದೆ. ಬೆಂದಿದೆಯೇ ಎಂದು ನೋಡಲು ಬೆನ್ನಿನ ದಪ್ಪ ಭಾಗಕ್ಕೆ ಚೂರಿಯ ತುದಿ ಹಾಕಿ ಸರಿಸಿ. ಮಾಂಸ ಗಾಜಿನಂಥ ಹೊಳಪು ಕಳೆದುಕೊಂಡು ಮುಳ್ಳಿನಿಂದ ಸಲೀಸಾಗಿ ಬಿಟ್ಟರೆ ಆಯಿತು. ಅಡುಗೆಯ ಥರ್ಮಾಮೀಟರ್ ಇದ್ದವರಿಗೆ 63 ಡಿಗ್ರಿ ಸೆಲ್ಸಿಯಸ್ ಗುರುತು.

ಸಂಜೆಯ ಹೊತ್ತು ಉಳಿಯುವುದು ಯಂತ್ರದಿಂದ ಅಲ್ಲ, ಮಸಾಲೆಯಿಂದ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. ಭಾನುವಾರ 15 ಬ್ಯಾಡಗಿ ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಸ್ವಲ್ಪ ಕಾಳುಮೆಣಸು, ಅರಿಶಿನ, ಸಣ್ಣ ನಿಂಬೆ ಗಾತ್ರದ ಹುಣಸೆಹುಳಿ, ಉಪ್ಪು ಸೇರಿಸಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ, ಒಂದು ಚಮಚ ತೆಂಗಿನೆಣ್ಣೆ ಕಲಸಿ ಗಾಜಿನ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಆ ವಾರದ ಮೀನಿಗೆ ಸಾಕು. ಮಸಾಲೆ ನೀರಾದರೆ ಬುಟ್ಟಿಯ ತೂತುಗಳಿಂದ ಸೋರಿಹೋಗುತ್ತದೆ. ಇದೇ ಕಾರಣಕ್ಕೆ ಬಜ್ಜಿ ಹಿಟ್ಟಿನಂಥ ತೆಳು ಹಿಟ್ಟಿನಲ್ಲಿ ಅದ್ದಿದ ಮೀನಿಗೂ ಈ ಯಂತ್ರ ಒಗ್ಗುವುದಿಲ್ಲ. ಮೀನು ಬೇಯುವಷ್ಟರಲ್ಲಿ ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ ಕುದಿಸಿ, ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾರೂ ಸಿದ್ಧ. ಕುಚಲಕ್ಕಿಗೆ ಹೊತ್ತು ಹಿಡಿಯುವುದರಿಂದ ಅದನ್ನು ಬೆಳಿಗ್ಗೆಯೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟುಕೊಂಡಿರಿ.

ಕೊಬ್ಬಿರುವ ಬಂಗುಡೆ, ಬೂತಾಯಿಗಳು ಏರ್ ಫ್ರೈಯರಿನಲ್ಲಿ ತುಂಬ ಚೆನ್ನಾಗಿ ಬರುತ್ತವೆ. ಕಾಣೆ ಮೀನಿನ ಮಾತು ಬೇರೆ. ಅದರ ತೆಳುವಾದ ಮೃದು ಮಾಂಸಕ್ಕೆ ಕಾವಲಿಯೇ ಸರಿ ಎಂಬುದು ನನ್ನ ಅಭಿಪ್ರಾಯ, ಅದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಸಿಗಡಿ ಪ್ರತಿ ಸಲವೂ ರಬ್ಬರಿನಂತಾಗುತ್ತದೆ. ಎಷ್ಟು ನಿಮಿಷ ಇಡಬೇಕು?
– ಓದುಗರು, ಮೈಸೂರು

ಉತ್ತರ: ಸಿಪ್ಪೆ ಮತ್ತು ಬೆನ್ನಿನ ಕಪ್ಪು ನರ ತೆಗೆದ ಮಧ್ಯಮ ಸಿಗಡಿಗೆ 200 ಡಿಗ್ರಿಯಲ್ಲಿ ಆರು ನಿಮಿಷ ಸಾಕು, ದೊಡ್ಡದಾದರೆ ಎಂಟು. ಅರ್ಧಚಂದ್ರದ ಹಾಗೆ ಬಾಗಿ, ಮೈ ಪೂರ್ತಿ ಬಿಳಿ-ಕೆಂಪಾದ ಕೂಡಲೇ ಹೊರತೆಗೆಯಿರಿ. ಉಂಗುರದಂತೆ ಬಿಗಿಯಾಗಿ ಸುತ್ತಿಕೊಂಡರೆ ಹೊತ್ತು ಮೀರಿದೆ ಎಂದೇ ಅರ್ಥ. ಬಾಣಲೆಯಲ್ಲಿ ಒಟ್ಟಿಗೆ ಹಾಕಿದಾಗ ಸಿಗಡಿ ನೀರು ಬಿಟ್ಟು ತನ್ನ ನೀರಿನಲ್ಲೇ ಬೇಯುತ್ತದೆ, ಆದರೆ ಬುಟ್ಟಿಯಲ್ಲಿ ಒಂದೇ ಪದರವಾಗಿ ಹರಡಿದರೆ ಆ ನೀರು ಗಾಳಿಗೆ ಆರಿಹೋಗುತ್ತದೆ. ಹಾಗಾಗಿ ಉಪ್ಪು, ಅರಿಶಿನ, ಎಣ್ಣೆ ಮಾತ್ರ ಸವರಿ ಸಿಗಡಿಯನ್ನು ಇದರಲ್ಲಿ ಬೇಯಿಸಿ, ಪಕ್ಕದ ಒಲೆಯಲ್ಲಿ ಮೊದಲ ಉತ್ತರದಲ್ಲಿ ಹೇಳಿದ ಮಸಾಲೆಯನ್ನು ತುಪ್ಪದಲ್ಲಿ ಹಾಕಿ, ತುಪ್ಪ ಬಿಡುವವರೆಗೆ ಬಾಡಿಸಿ, ಕೊನೆಯ ಅರ್ಧ ನಿಮಿಷ ಎರಡನ್ನೂ ಬೆರೆಸಿ ಕರಿಬೇವು ಹಾಕಿ. ಘೀ ರೋಸ್ಟಿನ ರುಚಿಗೆ ತೀರ ಹತ್ತಿರದ ಅಡುಗೆ ಇದು.

ಪ್ರಶ್ನೆ: ಮಳೆಗಾಲದಲ್ಲಿ ನಮಗೆ ಸಿಗುವುದು ಫ್ರೋಜನ್ ಅಂಜಲ್ ಮೀನು ಮಾತ್ರ. ಬೆಳಿಗ್ಗೆ ಹೊರಗೆ ತೆಗೆದಿಟ್ಟು ಆಫೀಸಿಗೆ ಹೋದರೆ ಸಂಜೆಗೆ ಸರಿಹೋಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಹಾಗೆ ಮಾಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಫ್ರೋಜನ್ ಮೀನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಅಂಜಲ್, ಬಂಗುಡೆ, ಬೂತಾಯಿಯಂಥ ಮೀನುಗಳು ಹೊರಗಿನ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಬ್ಯಾಕ್ಟೀರಿಯಾಗಳಿಂದಾಗಿ ಅವುಗಳಲ್ಲಿ ಹಿಸ್ಟಮಿನ್ ಉಂಟಾಗುತ್ತದೆ, ಮತ್ತು ಒಮ್ಮೆ ಉಂಟಾದ ಹಿಸ್ಟಮಿನ್ ಎಷ್ಟು ಬೇಯಿಸಿದರೂ ಕರಿದರೂ ನಾಶವಾಗುವುದಿಲ್ಲ. ಅಂಥ ಮೀನು ತಿಂದವರಿಗೆ ಮುಖ ಕೆಂಪೇರುವುದು, ತುರಿಕೆ, ತಲೆನೋವು ಕಾಣಿಸಿಕೊಳ್ಳಬಹುದು. ವಾಸನೆಯಿಂದ ಇದು ಪತ್ತೆಯಾಗದೆಯೂ ಇರಬಹುದು.

ಬೆಳಿಗ್ಗೆ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿದರೆ ಸಂಜೆಗೆ ತುಂಡುಗಳು ಸಡಿಲವಾಗಿರುತ್ತವೆ. ಮರೆತಿದ್ದರೆ, ನೀರು ನುಗ್ಗದಂತೆ ಚೀಲದಲ್ಲಿ ಕಟ್ಟಿ ಅರ್ಧ ಗಂಟೆ ತಣ್ಣೀರಿನಲ್ಲಿ ಮುಳುಗಿಸಿಡಿ. ಅಷ್ಟಕ್ಕೂ ಸಮಯವಿಲ್ಲವೆಂದರೆ ಗಟ್ಟಿ ತುಂಡನ್ನೇ 180 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು, ಹೊರತೆಗೆದು, ಬಿಟ್ಟ ನೀರನ್ನು ಪೂರ್ತಿ ಒರೆಸಿ, ಮಸಾಲೆ ಸವರಿ 200 ಡಿಗ್ರಿಯಲ್ಲಿ ಎಂಟರಿಂದ ಹತ್ತು ನಿಮಿಷ ಬೇಯಿಸಿ. ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ ಈ ಲೆಕ್ಕ ಹೊಂದುತ್ತದೆ.

ಪ್ರಶ್ನೆ: ಬೂತಾಯಿ ಮಾಡಿದರೆ ಹೊಗೆ ಬರುತ್ತದೆ, ವಾಸನೆ ಮರುದಿನವೂ ಹೋಗುವುದಿಲ್ಲ. ಬುಟ್ಟಿಗೆ ಕಾಗದ ಹಾಕಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಕೆಳಗೆ ಸೋರಿದ ಮೀನೆಣ್ಣೆ ಸುಡುವುದರಿಂದ ಹೊಗೆ ಬರುತ್ತದೆ. ಬುಟ್ಟಿಯ ಕೆಳಗಿನ ಪಾತ್ರೆಗೆ ಎರಡು ಚಮಚ ನೀರು ಹಾಕಿದರೆ ಅದು ನಿಲ್ಲುತ್ತದೆ. ಬೇಕಿಂಗ್ ಕಾಗದ ಹಾಕುವುದಾದರೆ ತೂತಿರುವುದನ್ನೇ ಬಳಸಿ, ಮೇಲೆ ಮೀನಿನ ಭಾರ ಇಲ್ಲದೆ ಎಂದೂ ಯಂತ್ರ ಚಾಲೂ ಮಾಡಬೇಡಿ. ಹಗುರ ಕಾಗದ ಹಾರಿ ಕಾಯಿಲ್‌ಗೆ ತಾಗಿದರೆ ಬೆಂಕಿ ಹತ್ತಬಹುದು. ಊಟ ಮುಗಿದ ಕೂಡಲೇ ಬುಟ್ಟಿಯನ್ನು ಸೋಪು ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ. ಎಲ್ಲರೂ ಮರೆಯುವುದು ಕಾಯಿಲ್ ಅನ್ನು. ವಾಸನೆ ಬಹುಪಾಲು ಅಲ್ಲಿಯೇ ಕುಳಿತಿರುತ್ತದೆ. ಪ್ಲಗ್ ತೆಗೆದು, ಯಂತ್ರ ಪೂರ್ತಿ ಆರಿದ ಮೇಲೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ಚೆನ್ನಾಗಿ ಒಣಗಿದ ನಂತರವೇ ಮತ್ತೆ ಬಳಸಿ.