ಮನೆ ರೆಕಾರ್ಡಿಂಗಿಗೆ ಯಾವ ಸೌಂಡ್ ಕಾರ್ಡ್?

ಹಾಡು, ಅಕೌಸ್ಟಿಕ್ ಗಿಟಾರ್ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಬೇಕು, ಕಂಡೆನ್ಸರ್ ಮೈಕ್ ಇದೆ, ಕಂಪ್ಯೂಟರ್ ಒಳಗೆ ಕೂರಿಸುವ ಕಾರ್ಡ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅಂಥ ಕಾರ್ಡುಗಳು ಹೆಚ್ಚಾಗಿ ಗೇಮ್, ಸಿನಿಮಾ ಕೇಳೋದಕ್ಕೆ ಮಾಡಿದವು. ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಹರಿಯುವ ವಿದ್ಯುತ್, ಬೇಕು. ಕಾರ್ಡಿನ ಗುಲಾಬಿ ಬಣ್ಣದ ಮೈಕ್ ಜ್ಯಾಕಿನಲ್ಲಿ ಸಿಗೋದು ಕೆಲವೇ ವೋಲ್ಟ್.

ನಾನೂ ಮೊದಲು ಒಳಗಿನ ಕಾರ್ಡಿನಲ್ಲೇ ಒದ್ದಾಡಿದವನು. ಮೌಸ್ ಅಲ್ಲಾಡಿಸಿದಾಗಲೆಲ್ಲ ರೆಕಾರ್ಡಿಂಗಿನಲ್ಲಿ ಸಣ್ಣಗೆ ‘ಜುಯ್’ ಅಂತ ಸದ್ದು! ಡಬ್ಬದೊಳಗಿನ ವಿದ್ಯುತ್ ಗಲಾಟೆ ಅದು.

ಅದಕ್ಕೇ 48 ವೋಲ್ಟ್ ಕೊಡುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತಗೊಳ್ಳಿ, ಅಂದರೆ ಕಂಪ್ಯೂಟರಿನ ಹೊರಗೆ ಇಡುವ ಸೌಂಡ್ ಕಾರ್ಡ್. ಎರಡು ಇನ್‌ಪುಟ್ ಇರಲಿ, ಎರಡಕ್ಕೂ ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ಇರಲಿ. ಗಿಟಾರಿನಲ್ಲಿ ಪಿಕಪ್ (ಕೇಬಲ್ ಚುಚ್ಚಿ ನೇರ ಸದ್ದು ಪಡೆಯುವ ವ್ಯವಸ್ಥೆ) ಇದ್ದರೆ ‘ಇನ್‌ಸ್ಟ್ರುಮೆಂಟ್’ ಸ್ವಿಚ್ ಕೂಡ ನೋಡಿ. ರೆಕಾರ್ಡಿಂಗಿನ ಗುಣಮಟ್ಟಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಧಾರಾಳ ಸಾಕು. ಡಬ್ಬದ ಮೇಲೆ 192 ಕಿಲೋಹರ್ಟ್ಸ್ ಅಂತ ದೊಡ್ಡದಾಗಿ ಬರೆದಿದ್ದಕ್ಕೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ನಿಜವಾಗಿ ತಲೆ ಕೆಡಿಸೋದು ಲೇಟೆನ್ಸಿ, ಅಂದರೆ ಸದ್ದು ತಡವಾಗೋದು. ನೀವು ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ತಾಳವೇ ತಪ್ಪುತ್ತದೆ, ಅಲ್ವಾ? ಅದಕ್ಕೇ ಡೈರೆಕ್ಟ್ ಮಾನಿಟರ್ ಇರುವುದನ್ನೇ ಆರಿಸಿ. ಅದರಲ್ಲಿ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ (ಆ ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕಿನ ಅಳತೆ, 128 ಸ್ಯಾಂಪಲ್‌ಗೆ ಇಟ್ಟು ಶುರು ಮಾಡಿ, ಟಿಕ್ ಟಿಕ್ ಅಂದರೆ 256 ಮಾಡಿ. ಹಾಡುವಾಗ ಲೆವೆಲ್ ಮೈನಸ್ 12 ಡೆಸಿಬಲ್ ಹತ್ತಿರ ಇದ್ದರೆ ಸಾಕು, ಕೆಂಪು ದೀಪ ಮುಟ್ಟಿಸಬೇಡಿ.

ಅಂದ ಹಾಗೆ, ನಿಮ್ಮದು ವಿಂಡೋಸಾ, ಮ್ಯಾಕಾ?